ನೀಲವ್ವನ ವೈರ್‌ಲೆಸ್ ಲೈಸೆನ್ಸು

ತಿಂಗಳಿಗೊಬ್ಬರಾದರೂ ನನಗೆ ಫೋನು ಮಾಡಿ, "ಸಾರ್, ಹ್ಯಾಮ್ ರೇಡಿಯೊ ಶುರು ಮಾಡೋಣ ಅಂತಿದ್ದೀನಿ, ಯಾವ ಸೆಟ್ ತಗೊಳ್ಲಿ?" ಎಂದು ಕೇಳುತ್ತಾರೆ. ಇವರೆಲ್ಲ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ. ಸೆಟ್ಟಿನ ವಿಷಯ ಕಡೆಗೆ ಬರಬೇಕಾದ್ದು. ಮೊದಲು ಪರೀಕ್ಷೆ, ಆಮೇಲೆ ಲೈಸೆನ್ಸು, ಆಮೇಲೆ ಆಂಟೆನಾ, ಅದಾದ ಮೇಲೆ ಕಿಸೆಯಲ್ಲಿ ಏನಾದರೂ ಉಳಿದಿದ್ದರೆ ಸೆಟ್ಟು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಒಂದು ವಾಕಿಟಾಕಿ ತಂದು, ಲೈಸೆನ್ಸಿಲ್ಲದೆ ಗುಂಡಿ ಒತ್ತಿದರೆ ಅದು ಅಪರಾಧ. ಕೇಳುವುದಕ್ಕೂ ಮಾತಾಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ನಾನು ಪ್ರತಿಯೊಬ್ಬರಿಗೂ ಕಾಲು ಗಂಟೆ ವಿವರಿಸುತ್ತೇನೆ. ವಿವರಿಸಿ ಫೋನಿಟ್ಟ ಮೇಲೆ ಒಂದು ಲೋಟ ನೀರು ಕುಡಿಯಬೇಕಾಗುತ್ತದೆ. ಯಾಕೆ ಎಂದು ಹೇಳುತ್ತೇನೆ.

ಹ್ಯಾಮ್ ರೇಡಿಯೊ ಎಂದರೆ ಏನು ಎಂದು ಕೇಳುವವರಿಗೆ ಒಂದೇ ಮಾತು. ನಡುವೆ ಯಾವ ಫೋನ್ ಕಂಪನಿಯೂ ಇಲ್ಲದೆ, ನಮ್ಮ ಮನೆಯ ಸೆಟ್ಟಿನಿಂದ ನೇರವಾಗಿ ಇನ್ನೊಬ್ಬರ ಮನೆಯ ಸೆಟ್ಟಿಗೆ ಮಾತಾಡುವ ಹವ್ಯಾಸ. ಸರ್ಕಾರ ಪರೀಕ್ಷೆ ಮಾಡಿ ಲೈಸೆನ್ಸು ಕೊಡುತ್ತದೆ, ಜೊತೆಗೆ ಅಕ್ಷರ ಅಂಕಿ ಸೇರಿಸಿದ ಒಂದು ಹೆಸರು ಕೊಡುತ್ತದೆ. ಅದಕ್ಕೆ ಕಾಲ್‌ಸೈನ್ ಎನ್ನುತ್ತಾರೆ. ಪ್ರಪಂಚದಲ್ಲಿ ಆ ಹೆಸರು ಇನ್ನೊಬ್ಬರಿಗಿಲ್ಲ. ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ವಠಾರದಲ್ಲಿ ನನ್ನ ಹೆಸರಿನವರೇ ಮೂರು ಜನರಿದ್ದೆವು.

ವಠಾರ ಇದ್ದದ್ದು ಪೀಣ್ಯದ ಪಕ್ಕ, ದಾಸರಹಳ್ಳಿಯಲ್ಲಿ. ಅಪ್ಪ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ಸಂಜೆ ಅವರ ಮೈಯಿಂದ ಬರುತ್ತಿದ್ದ ಕೂಲೆಂಟ್ ಎಣ್ಣೆಯ ವಾಸನೆಯೇ ನನಗೆ ಅಪ್ಪನ ವಾಸನೆ. ಒಮ್ಮೆ ಸುಟ್ಟುಹೋದ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ತಂದು, ಹೆಂಚಿನಿಂದ ನುಗ್ಗೆ ಮರಕ್ಕೆ ಎಳೆದು ಕಟ್ಟಿ, ಅದರ ತುದಿಯನ್ನು ನಮ್ಮ ಹಳೆಯ ರೇಡಿಯೊಗೆ ಸಿಕ್ಕಿಸಿದರು. ಅದುವರೆಗೆ ಗೊರಗೊರ ಎನ್ನುತ್ತಿದ್ದ ಪೆಟ್ಟಿಗೆ ಇದ್ದಕ್ಕಿದ್ದಂತೆ ಯಾವುದೋ ದೇಶದ ಭಾಷೆ ಮಾತಾಡಿತು. ಅಮ್ಮನಿಗೆ ಅದು ಬಟ್ಟೆ ಒಣಹಾಕುವ ತಂತಿ. ಅಪ್ಪನ ಒದ್ದೆ ಪಂಚೆ ಒಣಗುವವರೆಗೆ ನಮಗೆ ಪರದೇಶದ ಸುದ್ದಿ ಸಿಗುತ್ತಿರಲಿಲ್ಲ. ಸೆಟ್ಟಿಗಿಂತ ಆಂಟೆನಾ ದೊಡ್ಡದು ಎಂಬ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಪಂಚೆಯಿಂದ ಕಲಿತೆ.

ದೊಡ್ಡವನಾಗಿ ನಾನೂ ಪೀಣ್ಯದ ಒಂದು ಕಾರ್ಖಾನೆಯಲ್ಲೇ ಟೂಲ್‌ರೂಮ್ ಇನ್‌ಸ್ಪೆಕ್ಟರ್ ಆದೆ. ಕೂದಲೆಳೆಯ ದಪ್ಪದಷ್ಟು ತಪ್ಪಿದ್ದರೂ ಕೆಲಸದ ತುಂಡನ್ನು ಪಕ್ಕಕ್ಕೆಸೆಯುವ ಹುದ್ದೆ. ಲೈಸೆನ್ಸು ತೆಗೆದುಕೊಂಡೆ. ನಿವೃತ್ತಿಯಾದ ಮೇಲೆ ಕುಂದಲಹಳ್ಳಿಯ ಕಡೆ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಎಂಟು ಮಹಡಿ. ಬೇರೆಯವರು ಫ್ಲ್ಯಾಟು ನೋಡಲು ಹೋದರೆ ಅಡುಗೆಮನೆ ನೋಡುತ್ತಾರೆ. ನಾನು ನೇರ ತಾರಸಿಗೆ ಹೋಗಿ ನಿಂತಿದ್ದೆ. ಅಲ್ಲಿ ಒಂದು ಕಂಬ ನಿಲ್ಲಿಸಿ, ಎರಡು ನೀರಿನ ಟ್ಯಾಂಕಿನ ನಡುವೆ ಇಪ್ಪತ್ತು ಮೀಟರ್ ತಂತಿ ಎಳೆಯಲು ಅಸೋಸಿಯೇಷನ್ನಿನ ಅನುಮತಿ ಬೇಕಿತ್ತು. ಅನುಮತಿ ವರ್ಷಕ್ಕೊಮ್ಮೆ ನವೀಕರಣ. ಅದಕ್ಕಾಗಿಯೇ ಕಮಿಟಿಗೆ ಸೇರಿದೆ. ಲಿಫ್ಟು, ಕಸ, ನಾಯಿ, ಎಲ್ಲ ಚರ್ಚೆಯಲ್ಲೂ ಅಧ್ಯಕ್ಷ ಪ್ರಭಾಕರ್ ಅವರು ಏನು ಹೇಳಿದರೂ ತಲೆಯಾಡಿಸುತ್ತಿದ್ದೆ. ಆಂಟೆನಾ ನೆಟ್ಟಗೆ ನಿಲ್ಲಬೇಕಾದರೆ ಅದರ ಯಜಮಾನ ಸ್ವಲ್ಪ ಬಗ್ಗಬೇಕು.

ನೀಲವ್ವ ನಮ್ಮ ಗೇಟಿನ ಸೆಕ್ಯುರಿಟಿ ಗಾರ್ಡ್. ಸುರಪುರದ ಕಡೆಯಾಕೆ, ಮೂವತ್ತು ದಾಟಿತ್ತು, ಪಿಯುಸಿ ಓದಿದ್ದಳು. ಗಂಡ ಸರ್ಜಾಪುರದ ಕಡೆ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಗಾರ್ಡುಗಳಿಗೆಲ್ಲ ಏಜೆನ್ಸಿಯವರು ತಮ್ಮ ಲೈಸೆನ್ಸಿನ ಮೇಲೆ ಒಂದೊಂದು ವಾಕಿಟಾಕಿ ಕೊಟ್ಟಿದ್ದರು. ಬೇಸ್‌ಮೆಂಟಿಗೆ ಇಳಿದರೆ ಅವು ಮೂಕವಾಗುತ್ತಿದ್ದವು. ಎಲ್ಲರೂ ಸೆಟ್ಟನ್ನು ತೊಡೆಗೆ ಬಡಿದು ಬೈಯುತ್ತಿದ್ದರು. ಒಂದು ಮಧ್ಯಾಹ್ನ ನಾನು ಕಾರು ನಿಲ್ಲಿಸುತ್ತಿದ್ದಾಗ ಇವಳು ಒಂದು ಕಂಬದ ಪಕ್ಕ ಸೆಟ್ಟನ್ನು ನೆಟ್ಟಗೆ ಹಿಡಿದು, ಗೇಟಿನವನ ಜೊತೆ ಗಂಟೆ ಬಾರಿಸಿದ ಹಾಗೆ ಮಾತಾಡುತ್ತಿದ್ದಳು.

"ಇಲ್ಲಿ ಹೇಗಮ್ಮ ಕೇಳುತ್ತೆ?" ಎಂದೆ.

"ಇದ ಕಂಬದ ಹಂತ್ಯಾಕ ನಿಂತ್ರ ಕೇಳ್ತದ್ರಿ ಸರ. ಎರಡು ಹೆಜ್ಜಿ ಆಕಡಿ ಹೋದ್ರ ಸತ್ತಹೋಗ್ತದ. ಮತ್ತ ಡೊಂಕ ಹಿಡಿಬಾರದ್ರಿ, ನೆಟ್ಟಗ ಹಿಡಿಬೇಕು. ಎಲ್ಲಾ ಕಂಬದ ಹಂತ್ಯಾಕ ನಿಂತು ನೋಡೀನ್ರಿ ನಾ."

ಅಲೆಗಳು ಗೋಡೆಗೆ ಬಡಿದು ಬರುವಾಗ ಒಂದು ಕಡೆ ಕೂಡುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಕೊಲ್ಲುತ್ತವೆ. ಇದು ನನಗೆ ಅರ್ಥವಾಗಲು ಮೂರು ಪುಸ್ತಕ ಬೇಕಾಗಿದ್ದವು. ಇವಳು ನಡೆದಾಡಿ ಕಂಡುಕೊಂಡಿದ್ದಳು. "ಇಷ್ಟು ಗೊತ್ತಿದ್ದ ಮೇಲೆ ನೀನೇ ಲೈಸೆನ್ಸ್ ತಗೋಬಹುದಲ್ಲಮ್ಮ" ಎಂದೆ, ಅರ್ಧ ತಮಾಷೆಗೆ. ಆಕೆ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನ ಶಿಫ್ಟು ಮುಗಿಸಿಕೊಂಡು ನಮ್ಮ ಬಾಗಿಲಿಗೇ ಬಂದಳು.

"ಖರೇನ ಅಂದ್ರೇನ್ರಿ ಸರ? ದಿನಾ ಹನ್ನೆರಡು ತಾಸು ಇದ್ರಾಗ ಗೇಟ್ ಓಪನ್ ಗೇಟ್ ಕ್ಲೋಸ್ ಇಷ್ಟ ಮಾತಾಡ್ತೀನ್ರಿ. ಬ್ಯಾರೆ ಏನರ ಒಂದು ಮಾತಾಡಬೇಕು ಅನಸ್ತದ."

ಹಾಗೆ ಭಾನುವಾರದ ಮಧ್ಯಾಹ್ನಗಳು ಶುರುವಾದವು. ತಾರಸಿಯಲ್ಲಿ ಟ್ಯಾಂಕಿನ ನೆರಳಲ್ಲಿ ಕೂತು ಪಾಠ. ನನ್ನ ಹೆಂಡತಿ ಸರೋಜ ಚಹಾ ಕಳಿಸುತ್ತಿದ್ದಳು. ಪರೀಕ್ಷೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಅಷ್ಟನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಆಂಟೆನಾ ಸಿಕ್ಕಿಸದೆ ಗುಂಡಿ ಒತ್ತಿದರೆ ಏನಾಗುತ್ತದೆ? ವಾಲ್ವ್ ಮುಚ್ಚಿ ಪಂಪ್ ಓಡಿಸಿದ ಹಾಗೆ. ಹೊರಗೆ ಹೋಗಲಾರದ ಶಕ್ತಿ ವಾಪಸು ಬಂದು ಸೆಟ್ಟನ್ನೇ ಸುಡುತ್ತದೆ. ಕೇಬಲ್ಲಿನಲ್ಲಿ ದುಡ್ಡು ಉಳಿಸಬೇಡ. ಸೆಟ್ಟು ಹುಟ್ಟಿಸಿದ್ದನ್ನು ಕೆಟ್ಟ ಕೇಬಲ್ಲು ದಾರಿಯಲ್ಲೇ ತಿಂದುಹಾಕುತ್ತದೆ. ಶಕ್ತಿ ಹೆಚ್ಚಿಸುವ ಮುಂಚೆ ಎತ್ತರ ಹೆಚ್ಚಿಸು. ಆಕೆ ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ಅಕ್ಷರಗಳನ್ನು ತಪ್ಪಿಲ್ಲದಂತೆ ಹೇಳಲು ನಮ್ಮಲ್ಲಿ ಆಲ್ಫಾ, ಬ್ರಾವೋ, ಚಾರ್ಲಿ ಎಂದು ಒಂದು ಪಟ್ಟಿ ಇದೆ. ಮರುವಾರ ಗೇಟಿನಲ್ಲಿ ಕಾರಿನ ನಂಬರುಗಳನ್ನು ಆ ಪಟ್ಟಿಯಲ್ಲೇ ಓದಿ ಹೇಳಿ ಉಳಿದ ಗಾರ್ಡುಗಳನ್ನು ಕಂಗಾಲು ಮಾಡಿದಳಂತೆ.

ಆರು ತಿಂಗಳು ನನ್ನ ಸೆಟ್ಟಿನ ಮುಂದೆ ಕೂತು ಕೇಳಿದಳು. ಗುಂಡಿ ಮುಟ್ಟಲು ಮಾತ್ರ ನಾನು ಬಿಡಲಿಲ್ಲ. ಒಮ್ಮೆ ಹಾಸನದ ಕಡೆಯ ಹೆಂಗಸೊಬ್ಬರು ಗಾಳಿಯಲ್ಲಿ "ಯಾರಾದರೂ ಇದ್ದೀರಾ?" ಎಂದು ಮತ್ತೆ ಮತ್ತೆ ಕರೆಯುತ್ತಿದ್ದರು. ನೀಲವ್ವನ ಕೈ ತಾನಾಗಿಯೇ ಮೈಕಿನ ಕಡೆ ಹೋಯಿತು.

"ಒತ್ತಬೇಡ! ಲೈಸೆನ್ಸ್ ಇಲ್ಲ ನಿಂಗೆ" ಎಂದು ಗದರಿದೆ.

ಕೈ ಹಿಂದೆ ತೆಗೆದುಕೊಂಡಳು. "ಒತ್ತಂಗಿಲ್ರಿ ಸರ. ಲೈಸನ್ಸ್ ಬಂದ ಮ್ಯಾಲೆ ಮೊದಲು ಈ ಅಕ್ಕಾರನ್ನ ಕರೀತೀನ್ರಿ."

ಪರೀಕ್ಷೆ ಬರೆದಳು. ಪಾಸಾದಳು. ಅವತ್ತು ಆಕೆ ತಂದುಕೊಟ್ಟ ಶೇಂಗಾ ಹೋಳಿಗೆಯನ್ನು ನಾನು ಕಮಿಟಿಯವರಿಗೂ ಹಂಚಿದೆ. ಯಾಕೆ ಎಂದು ಹೇಳಲಿಲ್ಲ.

ಈಗ ಫೋನು ಮಾಡುವವರಿಗೆ ನಾನು ಕೊಡುವ ಅತಿ ಮುಖ್ಯ ಸಲಹೆಗೆ ಬರುತ್ತೇನೆ. ಪರೀಕ್ಷೆ ಪಾಸಾದ ಮೇಲೆ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೆ ಪೊಲೀಸರು ಬಂದು ವಿಚಾರಿಸಬಹುದು. ಪಾಸ್‌ಪೋರ್ಟಿಗೆ ಬರುವ ಹಾಗೆಯೇ, ಹೆದರುವಂಥದ್ದೇನಿಲ್ಲ. ಆದರೆ ನೀವು ಬಾಡಿಗೆ ಮನೆಯಲ್ಲಿದ್ದರೆ ಮೊದಲು ಮಾಲೀಕರಿಗೆ ಹೋಗಿ ತಿಳಿಸಿ. ಜೊತೆಗೆ ತಿಳಿದವರೊಬ್ಬರನ್ನು ಕರೆದುಕೊಂಡು ಹೋಗಿ. ಈ ಸಲಹೆಯನ್ನು ನಾನು ನೀಲವ್ವನಿಗೆ ಕೊಡಲಿಲ್ಲ. ಸ್ವಂತ ಮನೆಯಲ್ಲಿರುವವನಿಗೆ ಅದು ಹೊಳೆಯುವುದೂ ಇಲ್ಲ. ನನ್ನ ಕಂಪ್ಯೂಟರಿನಲ್ಲಿ, ನನ್ನದೇ ಇ-ಮೇಲ್ ಹಾಕಿ ಅರ್ಜಿ ತುಂಬಿದೆ. ವಿಳಾಸ ಎಂದಲ್ಲಿ ಕುಂದಲಹಳ್ಳಿಯ ಹಳೆ ಊರಿನೊಳಗಿದ್ದ ಆಕೆಯ ಶೀಟ್ ಮನೆಯ ವಿಳಾಸ ಬರೆದೆ.

ಒಂದು ಬೆಳಿಗ್ಗೆ ಪೇದೆ ಆಕೆಯ ಮನೆಯ ಕಡೆ ಬಂದ. ಆಕೆ ಕೆಲಸದಲ್ಲಿದ್ದಳು. ಪೇದೆ ಮಾಲೀಕ ಮುನಿಯಪ್ಪನವರನ್ನು ಕೇಳಿದ. ಕೇಳಿದ್ದು ನಾಲ್ಕೇ ಪ್ರಶ್ನೆ ಇರಬೇಕು, ಆದರೆ ಅದರಲ್ಲಿ ವೈರ್‌ಲೆಸ್ ಎಂಬ ಪದ ಇತ್ತು. ಸಂಜೆ ನೀಲವ್ವ ಮನೆಗೆ ಹೋಗುವ ಹೊತ್ತಿಗೆ ಮುನಿಯಪ್ಪ ಬಾಗಿಲಲ್ಲೇ ನಿಂತಿದ್ದರು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು.

"ಸರ, ನೀವೊಮ್ಮಿ ಬಂದು ಮಾಲಕರಿಗೆ ಹೇಳ್ರಿ, ಇದು ಕಳ್ಳತನದ್ದಲ್ಲ ಅಂತ. ನಾ ಹೇಳಿದ್ರ ನಂಬಲ್ರಿ" ಎಂದು ಮರುದಿನ ಬಂದು ಕೇಳಿಕೊಂಡಳು. ಹೋಗೋಣ ಎಂದೆ. ಹೋದದ್ದು ನಾಲ್ಕು ದಿನದ ಮೇಲೆ.

ಮುನಿಯಪ್ಪ ಕೆಟ್ಟವರಲ್ಲ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹನ್ನೆರಡು ಶೀಟ್ ಮನೆ. ಯಾವುದಕ್ಕೂ ಸರಿಯಾದ ಕಾಗದವಿಲ್ಲ. ಅವರಿಗೆ ಹೆದರಿಕೆ.

"ಅಲ್ಲಾ ಸಾಮಿ, ಪೊಲೀಸ್ನೋರು ಮನೆ ಬಾಗ್ಲಿಗೆ ಬಂದು ವೈರ್‌ಲೆಸ್ಸು ವೈರ್‌ಲೆಸ್ಸು ಅಂತಾರೆ. ನಂಗೇನ್ ಗೊತ್ತಾಯ್ತದೆ? ನಾಳೆ ಇನ್ನೊಬ್ರು ಬಂದ್ರೆ ಅಷ್ಟೂ ಮನೆ ತೆಗಿ ಅಂದ್ಬಿಡ್ತಾರೆ."

ನಾನು ವಿವರಿಸಿದೆ. ಕೈಯಲ್ಲಿ ಅಲೆ ತೋರಿಸಿದೆ. ನನ್ನ ಲೈಸೆನ್ಸನ್ನೂ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ಅಂದರು: "ಅಂಗಾದ್ರೆ ಒಂದು ಕೆಲ್ಸ ಮಾಡಿ. ಈ ಯಮ್ಮಂಗೆ ಕಲ್ಸಿದ್ದು ನಾನೇ, ಇವಳ ಜವಾಬ್ದಾರಿ ನಂದು ಅಂತ ಒಂದು ಕಾಗ್ದ ಬರ್ದು ಸೈನ್ ಆಕ್ಕೊಡಿ. ಯಾರಾನ ಬಂದ್ರೆ ತೋರಿಸ್ತೀನಿ. ಇರ್ಲಿ ಬುಡಿ ಅವಳು, ನಂಗೇನು."

ನೀಲವ್ವ ನನ್ನ ಮುಖ ನೋಡಿದಳು.

ನನ್ನ ತಲೆಯಲ್ಲಿ ಆ ಕಾಗದ ಮುನಿಯಪ್ಪನ ಜೇಬಿನಿಂದ ಪೊಲೀಸರಿಗೆ, ಅಲ್ಲಿಂದ ಪ್ರಭಾಕರ್ ಅವರ ಕೈಗೆ ಹೋಗುವುದು ಕಾಣಿಸಿತು. ಮುಂದಿನ ತಿಂಗಳೇ ನನ್ನ ಆಂಟೆನಾದ ಅನುಮತಿ ನವೀಕರಣಕ್ಕೆ ಬರುವುದಿತ್ತು. "ನೋಡೋಣ, ಬರೆದು ಕಳಿಸ್ತೀನಿ" ಎಂದು ಎದ್ದೆ. ನಲವತ್ತು ಪದದ ಕಾಗದ. ಇನ್ನೂರು ಪುಟ ಬರೆದ ಕೈಗೆ ಅದನ್ನು ಬರೆಯಲಾಗಲಿಲ್ಲ. ತಿಂಗಳ ಕೊನೆಗೆ ಗಂಡ ಹೆಂಡತಿ ಪಾತ್ರೆಪಗಡ ಆಟೋದಲ್ಲಿ ಹೇರಿಕೊಂಡು ಸರ್ಜಾಪುರದ ರಸ್ತೆಯ ಲೇಬರ್ ಶೆಡ್ಡಿಗೆ ಹೋದರು. ಅಲ್ಲಿಂದ ಎರಡು ಬಸ್ಸು ಹಿಡಿದು ನಮ್ಮ ಗೇಟಿಗೆ ಕೆಲಸಕ್ಕೆ ಬರುತ್ತಿದ್ದಳು. ನನ್ನನ್ನು ಕಂಡರೆ ಮೊದಲಿನಂತೆಯೇ "ನಮಸ್ಕಾರ್ರಿ ಸರ" ಎನ್ನುತ್ತಿದ್ದಳು. ನಾನು ಬೇಸ್‌ಮೆಂಟಿನ ಲಿಫ್ಟಿನಿಂದಲೇ ಓಡಾಡಲು ಶುರು ಮಾಡಿದೆ.

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಮರೆತುಬಿಡುತ್ತಿದ್ದೆನೋ ಏನೋ. ನನಗೆ ಮರೆವು ಚೆನ್ನಾಗಿದೆ.

ಪೊಲೀಸು ಬಂದ ಸುದ್ದಿ ಏಜೆನ್ಸಿಯ ಸೂಪರ್‌ವೈಸರ್ ಕಿವಿಗೆ ಬಿತ್ತು, ಅವನಿಂದ ಅಸೋಸಿಯೇಷನ್ನಿಗೆ ಬಂತು. ಮುಂದಿನ ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಕಮಿಟಿ ಮೀಟಿಂಗು. ಕಾರ್ಯಸೂಚಿಯ ಐದನೆಯ ವಿಷಯ: ಗೇಟಿನ ಲೇಡಿ ಗಾರ್ಡ್. ಆರನೆಯ ವಿಷಯ: ತಾರಸಿಯ ಆಂಟೆನಾ. ಒಂದರ ಕೆಳಗೊಂದು ಅಚ್ಚಾಗಿದ್ದ ಆ ಎರಡು ಸಾಲುಗಳನ್ನು ನಾನು ಎಷ್ಟು ಸಲ ಓದಿದೆನೋ.

"ಸೆಕ್ಯುರಿಟಿ ಗಾರ್ಡ್ ಮೇಲೇನೇ ಪೊಲೀಸ್ ಎನ್‌ಕ್ವೈರಿ ಅಂದ್ರೆ ಹೇಗ್ರೀ?" ಎಂದರು ಪ್ರಭಾಕರ್. "ಅದೂ ವೈರ್‌ಲೆಸ್ ವಿಷಯ. ಗೇಟಲ್ಲಿ ಯಾರು ಬಂದ್ರು ಯಾರು ಹೋದ್ರು ಎಲ್ಲ ಗೊತ್ತಿರುತ್ತೆ ಅವಳಿಗೆ. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ರೆಸ್ಪಾನ್ಸಿಬಲ್? ಯಾರಮ್ಮ ಇದೆಲ್ಲ ನಿಂಗೆ ಹೇಳ್ಕೊಟ್ಟಿದ್ದು ಅಂತ ಸೂಪರ್‌ವೈಸರ್ ಕೇಳಿದ್ರೆ, ಬುಕ್ ಓದಿ ಕಲ್ತೆ ಅಂದ್ಳಂತೆ. ಬುಕ್ಕಂತೆ ಕಣ್ರೀ!"

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ತುಟಿ ಅಗಲವಾದದ್ದು ನಿಜ. ಅದು ನನ್ನ ಕೈಬರಹದ ಬುಕ್ಕು. ನನ್ನ ಹೆಸರು ಹೇಳಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತು. ಆಂಟೆನಾದ ಅನುಮತಿ ಎಷ್ಟು ಸೂಕ್ಷ್ಮ ಎಂದು ತಾರಸಿಯಲ್ಲಿ ಕೂತು ಎಷ್ಟೋ ಸಲ ನಾನೇ ಹೇಳಿಕೊಂಡಿದ್ದೆ. ಆಕೆ ಅದನ್ನು ನೆನಪಿಟ್ಟಿದ್ದಳು.

ಪ್ರಭಾಕರ್ ನನ್ನ ಕಡೆ ತಿರುಗಿದರು. "ನೀವೂ ಈ ವೈರ್‌ಲೆಸ್‌ನೋರೇ ಅಲ್ವಾ? ನಿಮಗೇನಾದ್ರೂ ಗೊತ್ತಾ ಈ ಹೆಂಗಸಿನ ವಿಷಯ?"

ಹನ್ನೊಂದು ಜನ ನನ್ನನ್ನು ನೋಡುತ್ತಿದ್ದರು. ಗೊತ್ತು ಎಂದರೆ ಸಾಕಿತ್ತು. ಲೈಸೆನ್ಸಿಗೆ ಅರ್ಜಿ ಹಾಕಿದರೆ ಪೊಲೀಸರು ಬರುವುದು ರೂಢಿ, ನನಗೂ ಬಂದಿದ್ದರು ಎಂದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

"ಇಲ್ಲ, ಅಷ್ಟೇನೂ ಗೊತ್ತಿಲ್ಲ" ಎಂದೆ.

ಆಕೆಯನ್ನು ಬದಲಾಯಿಸುವಂತೆ ಏಜೆನ್ಸಿಗೆ ಬರೆಯಲು ತೀರ್ಮಾನವಾಯಿತು. ಆರನೆಯ ವಿಷಯಕ್ಕೆ ಬಂದಾಗ, "ಇದು ನಮ್ಮೋರದ್ದೇ, ಇನ್ನೊಂದು ವರ್ಷ ಇರ್ಲಿ" ಎಂದರು ಪ್ರಭಾಕರ್. ಎಲ್ಲರೂ ಕೈ ಎತ್ತಿದರು. ಆಮೇಲೆ ಇಡ್ಲಿ ವಡೆ ಇತ್ತು. ತಿಂದೆ.

ಏಜೆನ್ಸಿಯವರು ಬೇರೆ ಕಡೆ ಹಾಕಲಿಲ್ಲ, ಮನೆಗೆ ಕಳಿಸಿದರು. ನೀಲವ್ವ ಹೋದ ದಿನ ನಾನು ಊರಲ್ಲಿರಲಿಲ್ಲ. ಹಾಗೆ ನೋಡಿಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ನನ್ನ ಇ-ಮೇಲಿಗೆ ಆಕೆಯ ಲೈಸೆನ್ಸು ಬಂತು. ಪೇದೆ ಒಳ್ಳೆಯ ವರದಿಯನ್ನೇ ಕೊಟ್ಟಿದ್ದನೆಂದಾಯಿತು. ನೀಲವ್ವನ ಪೂರ್ತಿ ಹೆಸರು, ಅದರ ಕೆಳಗೆ ಕಾಲ್‌ಸೈನ್. ಪ್ರಿಂಟ್ ಮಾಡಿಸಿ ಲ್ಯಾಮಿನೇಷನ್ ಹಾಕಿಸಿದೆ. ಹಾಕಿಸಿ ಮೇಜಿನ ಖಾನೆಯಲ್ಲಿಟ್ಟೆ. ಆಕೆಯ ಫೋನ್ ನಂಬರು ನನ್ನ ಹತ್ತಿರ ಇತ್ತು. ಇರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಸರೋಜ ಖಾನೆ ತೆಗೆದಾಗಲೆಲ್ಲ "ಇದನ್ನ ಇನ್ನೂ ಕೊಟ್ಟಿಲ್ವಾ?" ಎನ್ನುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟಳು. ಹೆಂಡತಿ ಕೇಳುವುದನ್ನು ಬಿಟ್ಟಳೆಂದರೆ ಗಂಡನ ಬೆಲೆ ಎಲ್ಲಿಗೆ ಇಳಿದಿದೆ ಎಂದು ತಿಳಿಯಬೇಕು.

ಅದಾದ ಕೆಲವು ತಿಂಗಳಿಗೆ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದರು. ಕೆಲಸದವರು ನನ್ನ ಕಂಬ ಬಿಚ್ಚಿ, ತಂತಿ ಸುತ್ತಿ, ಮೆಟ್ಟಿಲ ಕೆಳಗೆ ಹಾಕಿದರು. ಕೆಲಸ ಮುಗಿದ ಮೇಲೆ ಮತ್ತೆ ನಿಲ್ಲಿಸಲು ಹೋದರೆ, "ಹೊಸ ಕೋಟಿಂಗ್‌ಗೆ ತೂತು ಮಾಡೋಕಾಗಲ್ಲ ಸಾರ್, ಸಾರಿ" ಎಂದರು ಪ್ರಭಾಕರ್. ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಇನ್ನೂ ಅವಧಿ ಇದೆ ಎಂದೆ. ತೂತು ಮಾಡದೆ, ಕಾಂಕ್ರೀಟ್ ತೊಟ್ಟಿಯಲ್ಲಿ ನಿಲ್ಲಿಸುತ್ತೇನೆ ಎಂದೆ. ಹತ್ತು ಜನ ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದವರು ಫೋನು ನೋಡುತ್ತಿದ್ದರು. ಹೇಗೆ ಸುಮ್ಮನಿರುತ್ತಾರೆ ಜನ ಎಂದು ಮನೆಗೆ ಬಂದು ಸರೋಜನ ಹತ್ತಿರ ಕೂಗಾಡಿದೆ. ಆಕೆ ಹುರಳಿಕಾಯಿ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

ಮರುದಿನ ಗೇಟಿನಲ್ಲಿ ಸುರಪುರದವನೇ ಆದ ಇನ್ನೊಬ್ಬ ಗಾರ್ಡನ್ನು ಕೇಳಿದೆ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದಲ್ಲಿದ್ದಾಳೆ ಎಂದ. ಸಂಜೆ ಶಿಫ್ಟು ಬಿಡುವ ಹೊತ್ತಿಗೆ ಹೋಗಿ ಫ್ಯಾಕ್ಟರಿಯ ಎದುರು ನಿಂತೆ. ನೂರಾರು ಹೆಂಗಸರು ಒಮ್ಮೆಗೇ ಹೊರಗೆ ಬಂದರು, ಕೂದಲ ಮೇಲೆ ಬಟ್ಟೆಯ ನೂಲು, ಕೈಯಲ್ಲಿ ಟಿಫಿನ್ ಬ್ಯಾಗು. ಆಕೆಯೇ ನನ್ನನ್ನು ಮೊದಲು ಕಂಡಳು.

"ಸರ! ನೀವೇನ್ರಿ ಇಲ್ಲಿ? ಅಕ್ಕಾರು ಆರಾಮ ಅದಾರೇನ್ರಿ?"

ಬೈಯುತ್ತಾಳೆ ಎಂದು ಸಿದ್ಧನಾಗಿ ಹೋಗಿದ್ದೆ. ಕವರಿನಿಂದ ಲೈಸೆನ್ಸು ತೆಗೆದು ಕೊಟ್ಟೆ. ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಕಾಲ್‌ಸೈನಿನ ಮೇಲೆ ಬೆರಳಿಟ್ಟು, ವಿಕ್ಟರ್, ಯೂನಿಫಾರ್ಮ್ ಎಂದು ಒಂದೊಂದೇ ಅಕ್ಷರವನ್ನು ಮೆಲ್ಲಗೆ, ಸ್ಪಷ್ಟವಾಗಿ ಕೊನೆಯವರೆಗೂ ಓದಿದಳು. ಜೊತೆಯ ಹುಡುಗಿಯೊಬ್ಬಳು "ಏನಕ್ಕ ಅದು?" ಎಂದು ಬಗ್ಗಿ ನೋಡಿದಳು. "ನನ್ನ ಹೆಸರು" ಎಂದಳು ನೀಲವ್ವ.

ಏನೋ ಹೇಳಬೇಕೆಂದು ನಾನು, "ನನ್ನ ಆಂಟೆನಾನೂ ತೆಗೆಸಿಬಿಟ್ರಮ್ಮ" ಎಂದೆ. ಹೇಳುವಾಗ ನನ್ನ ದನಿ ಸ್ವಲ್ಪ ತೇವವಾಗಿತ್ತು. ಆಕೆ ಅಯ್ಯೋ ಅನ್ನಲಿ ಎಂದು ನಾನು ಕಾದದ್ದೂ ನಿಜ.

"ಅಯ್ಯ, ಯಾವಾಗ್ರಿ?"

"ಹೋದ ತಿಂಗಳು."

ಆಕೆ ಮತ್ತೆ ಕಾಗದ ನೋಡಿದಳು. ತಾರೀಖಿನ ಮೇಲೆ ಬೆರಳು ನಿಂತಿತು.

"ಇದು ಬಂದು ಏಳು ತಿಂಗಳಾತಲ್ರಿ ಸರ."

"ಹೂಂ."

"ಅಂದ್ರ ಆಂಟೆನಾ ಹೋದ ಮ್ಯಾಲೆ ತಂದ್ರಿ."

ಸಿಟ್ಟಿರಲಿಲ್ಲ. ಯಾವ ಗಾಡಿ ಎಷ್ಟು ಗಂಟೆಗೆ ಒಳಗೆ ಬಂತು ಎಂದು ಗೇಟಿನಲ್ಲಿ ಹೇಳುತ್ತಿದ್ದಳಲ್ಲ, ಅದೇ ದನಿ. ಆಚೆ ಬದಿಯಲ್ಲಿ ಬಸ್ಸು ಬಂದು ನಿಂತಿತು. ಕಾಗದವನ್ನು ಟಿಫಿನ್ ಬ್ಯಾಗಿನ ಒಳಗೆ, ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡಳು. "ಬರ್ತೀನ್ರಿ ಸರ, ಇದು ತಪ್ಪಿದ್ರ ಮುಂದಿನ್ದು ಭಾಳ ಹೊತ್ತು" ಎಂದು ರಸ್ತೆ ದಾಟಿದಳು.

ತಪ್ಪಾಯ್ತು ನೀಲವ್ವ ಎನ್ನಲು ಆಕೆ ರಸ್ತೆ ದಾಟುವಷ್ಟು ಸಮಯ ಇತ್ತು. ಬಸ್ಸು ಹತ್ತುವಷ್ಟು ಸಮಯವೂ ಇತ್ತು. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊಸೂರು ರಸ್ತೆಯ ಗಾಡಿಗಳೊಳಗೆ ಸೇರಿತು. ನಾನು ಖಾಲಿ ಕವರು ಹಿಡಿದುಕೊಂಡು ಫುಟ್‌ಪಾತಿನ ಮೇಲೆ ನಿಂತಿದ್ದೆ.